‘ಮೆಚ್ಚಿನ ಪುಸ್ತಕ ಯಾವುದು?’: ಬೇಸಿಗೆ ಶಿಬಿರದ ಅರ್ಜಿಗೆ ಉತ್ತರ ಬರೆಯುವ ಬಗೆ
ಉತ್ತರಕ್ಕೆ 150 ಪದಗಳ ಮಿತಿ ಇದ್ದರೆ ಕಥಾಸಾರಕ್ಕೆ 20 ಪದ ಸಾಕು. ಉಳಿದದ್ದು ಆ ಓದು ನಿಮ್ಮೊಳಗೆ ಏನು ಮಾಡಿತು ಎಂಬುದಕ್ಕೆ. ಹೆಚ್ಚಿನವರು ಎಡವುವುದು ಆಯ್ಕೆಯಲ್ಲೇ: ಘನವಾಗಿ ಕಾಣಲೆಂದು ಅರ್ಧ ಓದಿದ ಗ್ರಂಥದ ಹೆಸರು ಬರೆದು, ಸಂದರ್ಶನದ ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ಎರಡು ಸಲ ಓದಿದ ಪುಸ್ತಕವನ್ನೇ ಆರಿಸಿ. ಅದರ ಒಂದು ಪ್ರಸಂಗ ಅಥವಾ ಒಂದು ವಾದ ಹಿಡಿದು, ಎಲ್ಲಿ ಒಪ್ಪಿದಿರಿ, ಎಲ್ಲಿ ಒಪ್ಪಲಿಲ್ಲ ಎಂದು ಬರೆಯಿರಿ.

ಅರ್ಜಿಯಲ್ಲಿ ಮೆಚ್ಚಿನ ಕಾರ್ಯಕ್ರಮವನ್ನೂ ಕೇಳಿದ್ದರೆ, ಬಾಲ್ಯದ ಟಿವಿ ಕಾರ್ಯಕ್ರಮ ಹೆಸರಿಸಲು ನಾಚಬೇಡಿ. 1969ರಲ್ಲಿ ಶುರುವಾದ ಅಮೆರಿಕದ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಇಷ್ಟ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗದು. ಅದರ ಕೌಂಟ್ ಎಂಬ ಬೊಂಬೆ ಪಾತ್ರ ಕಂಡದ್ದನ್ನೆಲ್ಲ ಎಣಿಸುವುದನ್ನು ನೋಡಿ ನೀವೂ ಮೆಟ್ಟಿಲು ಎಣಿಸತೊಡಗಿದ್ದರೆ, ಗಣಿತ ಶಿಬಿರದ ಅರ್ಜಿಗೆ ಅದೇ ಒಳ್ಳೆಯ ಆರಂಭ. ನೆನಪು ಮಸುಕಾಗಿದ್ದರೆ ಬರೆಯುವ ಮುನ್ನ ಒಂದು ಕಂತು ಮತ್ತೆ ನೋಡಿ.