ಅಡಿ, ಮೀಟರ್, ಸರಪಳಿ: ತೋಟದ ಅಳತೆಗಳನ್ನು ಬದಲಿಸಿಕೊಳ್ಳುವ ಕ್ರಮ

ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ಗಿಡದಿಂದ ಗಿಡಕ್ಕಿರುವ ಅಂತರವನ್ನು ಅಡಿಯಲ್ಲಿ ಹೇಳುತ್ತೇವೆ, ನೀರಿನ ಪೈಪನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳುತ್ತೇವೆ, ಹಳೆಯ ಸರ್ವೆ ಟಿಪ್ಪಣಿಯಲ್ಲಿ ಗಡಿಯ ಉದ್ದವನ್ನು ಸರಪಳಿ ಮತ್ತು ಆಣೆಗಳಲ್ಲಿ ಓದುತ್ತೇವೆ. ಇವೆಲ್ಲವನ್ನೂ ಬೆಸೆಯುವ ಸಂಖ್ಯೆ ಒಂದೇ: 1 ಅಡಿ ಎಂದರೆ 0.3048 ಮೀಟರ್. ಇದು ಅಂದಾಜಲ್ಲ, 1959ರಲ್ಲಿ ಇಂಚನ್ನು ಅಂತರರಾಷ್ಟ್ರೀಯವಾಗಿ 2.54 ಸೆಂಟಿಮೀಟರ್ ಎಂದು ನಿಗದಿಪಡಿಸಿದ್ದರಿಂದ, ಅದರ ಹನ್ನೆರಡರಷ್ಟಾದ ಅಡಿ ಕರಾರುವಾಕ್ಕಾಗಿ 30.48 ಸೆಂಟಿಮೀಟರ್ ಆಗುತ್ತದೆ. ಅಡಿಯನ್ನು ಮೀಟರಿಗೆ ತರಲು 0.3048ರಿಂದ ಗುಣಿಸಬೇಕು, ಮೀಟರನ್ನು ಅಡಿಗೆ ತರಲು ಅದರಿಂದಲೇ ಭಾಗಿಸಬೇಕು.

ಭಾಗಿಸಿದಾಗ ಬರುವ ದಶಮಾಂಶವನ್ನು ಇಂಚೆಂದು ಓದಬಾರದು. 6 ಮೀಟರಿನ ಪಿವಿಸಿ ಪೈಪು 19.685 ಅಡಿ ಇರುತ್ತದೆ. ಇದರಲ್ಲಿ 0.685ನ್ನು 12ರಿಂದ ಗುಣಿಸಿದರೆ 8.22 ಬರುವುದರಿಂದ, ಪೈಪಿನ ಉದ್ದ 19 ಅಡಿ 8 ಇಂಚು ಚಿಲ್ಲರೆ. ಅದನ್ನು ಇಪ್ಪತ್ತಡಿ ಪೈಪೆಂದೇ ನಂಬಿ, ಕೆರೆಯಿಂದ 200 ಅಡಿ ದೂರದ ತೊಟ್ಟಿಗೆ ಹತ್ತೇ ಪೈಪು ತಂದರೆ ಮೂರು ಅಡಿಗೂ ಹೆಚ್ಚು ಕೊರತೆ ಬೀಳುತ್ತದೆ. ಜೋಡಣೆಯಲ್ಲಿ ಒಳಗೆ ಸೇರುವ ಭಾಗ ಬೇರೆ.

ಲೆಕ್ಕದ ನಡುವೆ ಸಂಖ್ಯೆಯನ್ನು ಪೂರ್ಣಾಂಕಕ್ಕೆ ತರುವುದು ಇನ್ನೂ ದುಬಾರಿ. ನಾವು ಅರೇಬಿಕಾ ನೆಡಲು ಗುಣಿ ಗುರುತಿಸುವಾಗ, 6 ಅಡಿ ಎಂದರೆ ಸುಮಾರು 2 ಮೀಟರ್ ಎಂದುಕೊಂಡು ಹಗ್ಗಕ್ಕೆ 2 ಮೀಟರಿಗೊಂದು ಗಂಟು ಹಾಕಿದ್ದೆವು. 6 ಅಡಿ ನಿಜವಾಗಿ 1.83 ಮೀಟರ್. ಹದಿನೇಳು ಸೆಂಟಿಮೀಟರ್ ಒಂದು ಗೇಣಿಗಿಂತಲೂ ಕಡಿಮೆ. ಆದರೆ ಅದು ಉದ್ದಕ್ಕೂ ಅಡ್ಡಕ್ಕೂ ಸೇರಿದಾಗ, ಎಕರೆಗೆ 1210 ಗಿಡ ಹಿಡಿಯಬೇಕಾದಲ್ಲಿ 1011 ಮಾತ್ರ ಹಿಡಿದವು. ತಂದಿಟ್ಟ ಸಸಿ ಉಳಿದಾಗಲೇ ತಪ್ಪು ತಿಳಿದದ್ದು. ಆದ್ದರಿಂದ ಮೂರು ದಶಮಾಂಶ ಸ್ಥಾನಗಳನ್ನಾದರೂ ಕೊನೆಯವರೆಗೆ ಉಳಿಸಿಕೊಂಡು, ಉತ್ತರವನ್ನು ಮಾತ್ರ ಪೂರ್ಣಾಂಕಕ್ಕೆ ತರಬೇಕು.

ನಮ್ಮ ಸರ್ವೆ ಟಿಪ್ಪಣಿಯ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ. ಅಂದರೆ ಒಂದು ಆಣೆ 2.0625 ಅಡಿ. ಗಡಿ 4 ಸರಪಳಿ 6 ಆಣೆ ಎಂದಿದ್ದರೆ, 132 ಅಡಿಗೆ 12.375 ಅಡಿ ಕೂಡಿಸಿ 144.375 ಅಡಿ, ಅದನ್ನು 0.3048ರಿಂದ ಗುಣಿಸಿ 44 ಮೀಟರ್ ಎಂದು ತಿಳಿಯಬೇಕು. ಮೊಬೈಲಿನ ಪರಿವರ್ತಕಗಳು ಸಾಮಾನ್ಯವಾಗಿ 66 ಅಡಿಯ ಗಂಟರ್ ಸರಪಳಿಯನ್ನು ಹಿಡಿಯುವುದರಿಂದ ಅಲ್ಲಿ ಉತ್ತರ ಇಮ್ಮಡಿಯಾಗುತ್ತದೆ. ಯಾವ ಸರಪಳಿ ಎಂಬುದನ್ನು ಪಹಣಿಯಿಂದಲೇ ಪರೀಕ್ಷಿಸಬಹುದು. 33 ಅಡಿ ಚೌಕಕ್ಕೆ ಒಂದು ಗುಂಟೆಯಾದ್ದರಿಂದ, 4 ಸರಪಳಿ ಅಗಲ, 5 ಸರಪಳಿ ಉದ್ದದ ಆಯತಾಕಾರದ ಜಮೀನು ಪಹಣಿಯಲ್ಲಿ 20 ಗುಂಟೆ ಎಂದಿದ್ದರೆ ಟಿಪ್ಪಣಿಯ ಸರಪಳಿ 33 ಅಡಿಯದೇ. 66 ಅಡಿಯದಾಗಿದ್ದರೆ ಅದೇ ಜಮೀನು 2 ಎಕರೆ ಇರಬೇಕಾಗಿತ್ತು.