ಸಂಪು, ಟ್ಯಾಂಕ್ ತೊಳೆಯುವ ಕ್ರಮ: ಇಳಿಯುವ ಮುನ್ನ ತಿಳಿಯಬೇಕಾದದ್ದು

ಶುದ್ಧೀಕರಣ ಘಟಕದಿಂದ ಹೊರಟಾಗ ಚೆನ್ನಾಗಿದ್ದ ನೀರು ಮನೆಯ ಲೋಟಕ್ಕೆ ಬರುವಷ್ಟರಲ್ಲಿ ಕೆಟ್ಟಿರಬಹುದು. ನೀರು ದಿನಕ್ಕೆ ಕೆಲವೇ ಗಂಟೆ, ಇಲ್ಲವೇ ಎರಡು ಮೂರು ದಿನಕ್ಕೊಮ್ಮೆ ಬರುವ ಸಣ್ಣ ಊರುಗಳಲ್ಲಿ ಉಳಿದ ಹೊತ್ತು ಪೈಪು ಖಾಲಿ ಇರುತ್ತದೆ. ಆಗ ಬಿರುಕು, ಸಡಿಲ ಜಾಯಿಂಟುಗಳ ಮೂಲಕ ಅಕ್ಕಪಕ್ಕದ ಕೊಳೆನೀರು ಒಳಗೆ ಒಸರುತ್ತದೆ. ನೀರು ಬಿಟ್ಟ ಕೂಡಲೇ ಎಲ್ಲಕ್ಕಿಂತ ಮೊದಲು ಮನೆ ಸೇರುವುದು ಅದೇ. ಮುಖ್ಯ ಪೈಪಿಗೆ ನೇರವಾಗಿ ಮೋಟಾರು ಜೋಡಿಸಿ ಎಳೆದರಂತೂ ಕೊಳೆಯನ್ನು ಕೈಯಾರೆ ಹೀರಿಕೊಂಡಂತೆ. ಅದರ ಪಾಲು ನೆರೆಮನೆಗಳಿಗೂ ಹೋಗುತ್ತದೆ. ಆದ್ದರಿಂದ ಮೊದಲ ಕೆಲವು ನಿಮಿಷದ ನೀರನ್ನು ಹೊರಗೆ ಬಿಟ್ಟು, ತಿಳಿಯಾದ ಮೇಲೆ ಸಂಪಿಗೆ ತಿರುಗಿಸಿಕೊಳ್ಳಿ.

ಹೀಗೆ ಬಂದ ಕೆಸರು ಸಂಪಿನ ತಳದಲ್ಲಿ ಕೂರುತ್ತದೆ, ಗೋಡೆಗೆ ಲೋಳೆ ಹಿಡಿಯುತ್ತದೆ. ನೀರಿನಲ್ಲಿ ಅಷ್ಟಿಷ್ಟು ಉಳಿದಿದ್ದ ಕ್ಲೋರಿನ್ ಈ ಕೊಳೆಗೇ ಖರ್ಚಾಗುತ್ತದೆ. ವರ್ಷಕ್ಕೆ ಎರಡು ಸಲ ಸಂಪು ಮತ್ತು ಮೇಲಿನ ಟ್ಯಾಂಕ್ ತೊಳೆಯುವುದು ಒಳ್ಳೆಯದು. ಪ್ರವಾಹದ ನೀರು ಅಂಗಳಕ್ಕೆ ನುಗ್ಗಿದ್ದರೆ ಮಾತ್ರ ಕಾಯುವಂತಿಲ್ಲ, ಸಂಪಿನ ನೀರನ್ನು ಪೂರ್ತಿ ಚೆಲ್ಲಿ ತೊಳೆಯಲೇಬೇಕು.

ಮೊದಲು ಸಂಪು, ಆಮೇಲೆ ಮೇಲಿನ ಟ್ಯಾಂಕ್. ತಿರುವುಮುರುವಾದರೆ ತೊಳೆದ ಟ್ಯಾಂಕಿಗೆ ಮತ್ತೆ ಕೆಸರು ನೀರೇ ಏರುತ್ತದೆ.

ಹಿಂದಿನ ರಾತ್ರಿಯ ಕೆಲಸ

ತೊಳೆಯುವ ಮುನ್ನ ಸಂಪು ಸೋರುತ್ತದೆಯೇ ನೋಡಿಕೊಳ್ಳಿ. ರಾತ್ರಿ ಸಂಪು ತುಂಬಿಸಿ, ಒಳಬರುವ ವಾಲ್ವ್ ಮುಚ್ಚಿ, ಮೋಟಾರು ಹಾಕದೆ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗುರುತು ಮಾಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಬಿರುಕಿದೆ ಎಂದರ್ಥ. ಮೋಟಾರು ನೀರೆಳೆಯುವ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವ್ ಸೋರಿದರೆ ಪೈಪಿನಲ್ಲಿದ್ದ ನೀರು ಸಂಪಿಗೇ ಮರಳುತ್ತದೆಯಾದ್ದರಿಂದ ಮಟ್ಟ ಇಳಿಯುವುದಕ್ಕೆ ಅದು ಕಾರಣವಾಗದು. ನೀರು ಹೊರಹೋಗುವ ಬಿರುಕಿನಲ್ಲೇ, ಸಂಪು ಖಾಲಿಯಾದಾಗ, ಹೊರಗಿನ ತೇವ ಒಳಬರುತ್ತದೆ. ಹತ್ತಿರದಲ್ಲಿ ಸೆಪ್ಟಿಕ್ ಟ್ಯಾಂಕ್ ಅಥವಾ ಒಳಚರಂಡಿ ಪೈಪು ಇದ್ದರೆ ಏನು ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಿರುಕು ಮುಚ್ಚದೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಅಡುಗೆಮನೆಯ ಫಿಲ್ಟರ್, ಗೀಸರ್, ಬಟ್ಟೆ ಒಗೆಯುವ ಯಂತ್ರಕ್ಕೆ ಹೋಗುವ ವಾಲ್ವ್‌ಗಳನ್ನು ಮುಚ್ಚಿ. ಮುಂದೆ ಹಾಕುವ ಕ್ಲೋರಿನ್ ಪ್ರಮಾಣಕ್ಕೆ ಆರ್‌ಒ ಫಿಲ್ಟರಿನ ಪೊರೆ ಹಾಳಾಗುತ್ತದೆ. ಕುಡಿಯಲು, ಅಡುಗೆಗೆ ಎರಡು ದಿನದ ನೀರನ್ನು ಬೇರೆ ತೆಗೆದಿಡಿ.

ಸಂಪಿನೊಳಗಿನ ಗಾಳಿ

ಈ ಕೆಲಸದಲ್ಲಿ ಪ್ರಾಣಕ್ಕೆ ಅಪಾಯ ಹೆಚ್ಚಿರುವ ಜಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಓದಿ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 20.9ರಷ್ಟಿದೆ. ಅದು ಶೇ 19.5ಕ್ಕಿಂತ ಕಡಿಮೆಯಾದರೆ ಆ ಜಾಗ ಅಪಾಯಕಾರಿ. ಶೇ 10ಕ್ಕಿಂತ ಕೆಳಗಿಳಿದರೆ ಇಳಿದವರಿಗೆ ಕೂಗಲೂ ಸಮಯ ಸಿಗದೆ ಪ್ರಜ್ಞೆ ತಪ್ಪುತ್ತದೆ. ಬಹಳ ಕಾಲ ಮುಚ್ಚಿದ್ದ ಸಂಪಿನ ಕೆಸರು ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ತುಂಬಿಕೊಳ್ಳುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಇರಬಹುದು. ಅದರ ಪ್ರಮಾಣ ಹೆಚ್ಚಿದಾಗ ಮೂಗೇ ವಾಸನೆ ಹಿಡಿಯುವ ಶಕ್ತಿ ಕಳೆದುಕೊಳ್ಳುವುದರಿಂದ, ವಾಸನೆ ನಿಂತಿತೆಂದರೆ ಅಪಾಯ ಹೋಯಿತೆಂದು ತಿಳಿಯುವಂತಿಲ್ಲ.

ಹೊಸ ಸಂಪು ಸುರಕ್ಷಿತ ಎಂಬ ನಂಬಿಕೆ ಇನ್ನೂ ಕೆಟ್ಟದ್ದು. ಕಾಂಕ್ರೀಟ್ ಹಾಕುವಾಗ ಆಧಾರಕ್ಕೆ ಕಟ್ಟಿದ ಸೆಂಟ್ರಿಂಗ್ ಹಲಗೆಗಳು ಒದ್ದೆಯಾಗಿ, ಮುಚ್ಚಿದ ಜಾಗದಲ್ಲಿ ಕೊಳೆಯುತ್ತ ಆಮ್ಲಜನಕವನ್ನು ಹೀರುತ್ತವೆ. ಹಲಗೆ ಬಿಚ್ಚಲು ಇಳಿದವರು ಸತ್ತಿರುವುದು ಇದರಿಂದಲೇ. ನೀರು ಸೋರದಂತೆ ಬಳಿಯುವ ಕೆಲವು ಲೇಪನಗಳ ಆವಿಯೂ ವಿಷವೇ.

ಬೆಂಕಿಕಡ್ಡಿ, ಮೇಣದಬತ್ತಿ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡಿ. ವಿಷಾನಿಲವಿದ್ದರೂ ದೀಪ ಉರಿಯಬಹುದು. ಉರಿಯುವ ಅನಿಲವಿದ್ದರೆ ಸ್ಫೋಟವಾಗಬಹುದು. ಆಮ್ಲಜನಕ ಮತ್ತು ಅನಿಲ ಅಳೆಯುವ ಮೀಟರ್ ಒಂದೇ ನಂಬಬಹುದಾದ ಸಾಧನ. ಅದು ಸಿಗದಿದ್ದರೆ ಇಳಿಯಬೇಡಿ. ಒಂದೂವರೆ ಮೀಟರ್ ಆಳದ ಮನೆಯ ಸಂಪನ್ನು ಮೇಲಿನಿಂದಲೇ ತೊಳೆಯಬಹುದು: ಉದ್ದ ಹಿಡಿಯ ಬ್ರಷ್, ಜೋರಾಗಿ ನೀರು ಹಾಯಿಸುವ ಪೈಪು, ಕೆಸರು ಎಳೆಯುವ ಪಂಪ್ ಸಾಕು. ಮೂಲೆಯಲ್ಲಿ ಸ್ವಲ್ಪ ಕೆಸರು ಉಳಿದರೆ ಮತ್ತೊಮ್ಮೆ ನೀರು ಹಾಯಿಸಿ ಎಳೆಯಿರಿ. ತಲೆಯನ್ನು ಸಂಪಿನ ಬಾಯಿಯೊಳಗೆ ಬಗ್ಗಿಸುವುದೂ ಬೇಡ.

ಇಳಿಯದೆ ಆಗದು ಎನ್ನುವಷ್ಟು ದೊಡ್ಡ ಸಂಪಾದರೆ ತರಬೇತಿ ಮತ್ತು ಮೀಟರ್ ಇರುವವರಿಗೇ ಒಪ್ಪಿಸಿ. ಅವರು ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ನೋಡಲು ಇಷ್ಟು ಗೊತ್ತಿರಲಿ: ಎಲ್ಲ ಮುಚ್ಚಳಗಳೂ ತೆರೆದಿರಬೇಕು, ಗಾಳಿ ಊದುವ ಬ್ಲೋವರ್‌ನ ಕೊಳವೆ ತಳ ಮುಟ್ಟುವಂತಿದ್ದು ಕನಿಷ್ಠ ಅರ್ಧ ಗಂಟೆ ಗಾಳಿ ಹಾಯಿಸಿರಬೇಕು, ಆಮೇಲೆ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆದಿರಬೇಕು. ಕೆಲಸ ಮುಗಿಯುವವರೆಗೂ ಬ್ಲೋವರ್ ನಿಲ್ಲಬಾರದು. ಇಳಿದವರ ಎದೆಪಟ್ಟಿಗೆ ಹಗ್ಗ ಕಟ್ಟಿರಬೇಕು, ಹಗ್ಗದ ಇನ್ನೊಂದು ತುದಿ ಮೇಲೆ ನಿಂತವರ ಹತ್ತಿರ ಇರಬೇಕು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಸಂಪಿನೊಳಗಾಗಲಿ, ಬಾಯಿಯ ಹತ್ತಿರವಾಗಲಿ ಇಡಬಾರದು. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಒಳಗೆ ಯಾರಾದರೂ ಕುಸಿದರೆ ಹಿಂದೆಯೇ ಇಳಿಯಬೇಡಿ. ಒಂದೇ ಸಂಪಿನಲ್ಲಿ ಇಬ್ಬರು, ಮೂವರು ಸಾಯುವುದು ಹೀಗೆಯೇ: ಎರಡನೆಯವರು ಇಳಿಯುವುದು ಮೊದಲನೆಯವರನ್ನು ಎತ್ತಲು. ಹಗ್ಗದಿಂದ ಎಳೆಯಿರಿ, ಬ್ಲೋವರ್ ಗಾಳಿ ಬಿಡುತ್ತಲೇ ಇರಿ, ಅಗ್ನಿಶಾಮಕ ದಳವನ್ನು ಕರೆಯಿರಿ.

ವಿದ್ಯುತ್ತು, ಏಣಿ

ಮೋಟಾರಿನ ಸ್ವಿಚ್ ಆರಿಸಿದರೆ ಸಾಲದು. ಬೋರ್ಡಿನಲ್ಲಿ ಆ ಸಾಲಿನ ವಿದ್ಯುತ್ ಕಡಿಯುವ ಎಂಸಿಬಿ ಇಳಿಸಿ, ಯಾರೂ ಹಾಕದಂತೆ ಚೀಟಿ ಅಂಟಿಸಿ. ಸಂಪಿನೊಳಗೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪಿನ ಕೇಬಲ್ ಸಿಪ್ಪೆ ಸುಲಿದಿದ್ದರೆ ನೀರೆಲ್ಲ ವಿದ್ಯುತ್ತೇ. ಈ ಸಾಲಿಗೆ, ವಿದ್ಯುತ್ತು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ, ಬೀಳುತ್ತದೆಯೇ ನೋಡಿ. ಟ್ಯಾಂಕಿಗೆ ಹತ್ತುವ ಏಣಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಷ್ಟು ಬುಡ ಹೊರಗಿರುವಂತೆ ಒರಗಲಿ, ತುದಿಯನ್ನು ಕಟ್ಟಿರಿ.

ತೊಳೆಯುವುದು, ಕ್ಲೋರಿನ್ ಹಾಕುವುದು

ಪ್ಲಾಸ್ಟಿಕ್ ಟ್ಯಾಂಕಿಗೆ ತಂತಿ ಬ್ರಷ್ ಬೇಡ. ಗೀರು ಬಿದ್ದ ಕಡೆಯೇ ಲೋಳೆ ಮೊದಲು ಹಿಡಿಯುತ್ತದೆ. ಸೋಪಿನ ಪುಡಿಯೂ ಬೇಡ. ತಿಕ್ಕಿದ ಕೊಳೆನೀರನ್ನು ಮನೆಯ ನಲ್ಲಿಗಳಿಗೆ ಹೋಗುವ ಪೈಪಿನಲ್ಲಿ ಬಿಡದೆ, ತಳದ ಡ್ರೈನ್ ವಾಲ್ವ್‌ನಿಂದ ಅಥವಾ ಬಕೆಟ್ಟಿನಲ್ಲಿ ಗೋರಿ ಹೊರಹಾಕಿ. ಕೆಸರು ಪೂರ್ತಿ ಹೋಗದೆ ಕ್ಲೋರಿನ್ ಹಾಕುವುದು ದಂಡ.

ಈಗ ಲೆಕ್ಕ. ಉದ್ದ, ಅಗಲ, ಆಳವನ್ನು ಮೀಟರಿನಲ್ಲಿ ಗುಣಿಸಿ 1000ದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 2 ಮೀಟರ್ ಉದ್ದ, 1.5 ಮೀಟರ್ ಅಗಲ, 1.5 ಮೀಟರ್ ಆಳದ ಸಂಪು ಅಂದರೆ 4500 ಲೀಟರ್. ತೊಳೆದ ತೊಟ್ಟಿಯ ಸೋಂಕು ಕಳೆಯಲು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರ್ ಹೊಸದಿದ್ದಾಗ ಶೇ 33ರಷ್ಟು ಕ್ಲೋರಿನ್ ಇರುತ್ತದೆ, ಆದರೆ ತೇವ, ಬಿಸಿಲು, ತೆರೆದ ಚೀಲದಿಂದ ಅದು ಇಳಿಯುತ್ತ ಹೋಗುತ್ತದೆ; ಶೇ 25 ಎಂದೇ ಹಿಡಿಯಿರಿ. ಗಂಟುಗಟ್ಟಿ ವಾಸನೆ ಹೋದ ಪುಡಿ ಬರೀ ಸುಣ್ಣಕ್ಕೆ ಸಮ, ಎಸೆಯಿರಿ. ಶೇ 25ರ ಲೆಕ್ಕದಲ್ಲಿ 1000 ಲೀಟರಿಗೆ 200 ಗ್ರಾಂ. ಮೇಲಿನ ಉದಾಹರಣೆಯ ಸಂಪಿಗೆ 900 ಗ್ರಾಂ. ಪುಡಿಯ ಬದಲು ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಾದರೆ 1000 ಲೀಟರಿಗೆ ಒಂದು ಲೀಟರ್. ಪರಿಮಳ ಅಥವಾ ಬಣ್ಣ ಬೆರೆಸಿದ ದ್ರಾವಣವನ್ನು ತರಬೇಡಿ.

ಪುಡಿಯನ್ನು ನೇರ ಸಂಪಿಗೆ ಸುರಿಯಬಾರದು. ಗಾಳಿ ಆಡುವ ಜಾಗದಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಕಿ. 10 ಲೀಟರ್ ನೀರಿಗೆ 450 ಗ್ರಾಂ ಮೀರದಿರಲಿ. ಇಪ್ಪತ್ತು ನಿಮಿಷ ಬಿಟ್ಟರೆ ಸುಣ್ಣದ ಗಸಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. ಟಾಯ್ಲೆಟ್ ತೊಳೆಯುವ ಆಸಿಡ್ ಅಥವಾ ಅಮೋನಿಯಾ ಇರುವ ಕ್ಲೀನರ್ ಇದರ ಹತ್ತಿರ ಸುಳಿಯಬಾರದು. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಎದ್ದು, ಗಾಳಿಗಿಂತ ಭಾರವಾದ್ದರಿಂದ ಸಂಪಿನ ತಳದಲ್ಲಿ ತುಂಬುತ್ತದೆ.

ಕಾಲು ಭಾಗ ನೀರು ತುಂಬಿದ ಮೇಲೆ ತಿಳಿಯನ್ನು ಸುರಿದು, ಉಳಿದ ನೀರನ್ನು ಬಿಡಿ. ಬೀಳುವ ನೀರೇ ಬೆರೆಸುತ್ತದೆ. ಮೇಲಿನ ಟ್ಯಾಂಕಿಗೂ ಅದರ ಲೆಕ್ಕದಂತೆ ಬೇರೆಯಾಗಿ ಹಾಕಿ. ಆಮೇಲೆ ಮನೆಯ ಪ್ರತಿ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವವರೆಗೆ ತೆರೆದು ಮುಚ್ಚಿ, ಪೈಪಿನೊಳಗೂ ಅದು ನಿಲ್ಲಲಿ. ಹೀಗೆ 24 ಗಂಟೆ. ಅವಸರವಿದ್ದರೆ ಪ್ರಮಾಣವನ್ನು ಇಮ್ಮಡಿಸಿ 8 ಗಂಟೆ. ಈ ನೀರನ್ನು ಯಾರೂ ಕುಡಿಯದಂತೆ, ಸ್ನಾನ ಮಾಡದಂತೆ ಮನೆಮಂದಿಗೆಲ್ಲ ಹೇಳಿರಿ, ನಲ್ಲಿಗಳಿಗೆ ಚೀಟಿ ಕಟ್ಟಿದರೆ ಇನ್ನೂ ಒಳ್ಳೆಯದು.

ಅವಧಿ ಮುಗಿದ ಮೇಲೆ ನೀರನ್ನು ಗಿಡ, ಕೆರೆಗೆ ಬಿಡಬೇಡಿ. ಸೆಪ್ಟಿಕ್ ಟ್ಯಾಂಕಿಗೆ ಒಮ್ಮೆಲೇ ಸುರಿದರೆ ಅಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಬಚ್ಚಲು, ಅಂಗಳದ ನೆಲ ತೊಳೆಯಲು ಸ್ವಲ್ಪಸ್ವಲ್ಪವಾಗಿ ಬಳಸಿ. ನಂತರ ಒಮ್ಮೆ ಹೊಸ ನೀರಿನಿಂದ ತೊಟ್ಟಿ, ಪೈಪು ಜಾಲಾಡಿ.

ಆಮೇಲಿನ ದಿನಗಳು

ನಲ್ಲಿಯ ನೀರಿನಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕ್ಲೋರಿನ್ ಪರೀಕ್ಷೆಯ ಸಣ್ಣ ಕಿಟ್‌ನಲ್ಲಿ ಹನಿ ಅಥವಾ ಮಾತ್ರೆ ಹಾಕಿದಾಗ ಬರುವ ಹಳದಿ ಇಲ್ಲವೇ ಗುಲಾಬಿ ಬಣ್ಣವನ್ನು ಪಟ್ಟಿಗೆ ಹೋಲಿಸಿದರೆ ಇದು ಗೊತ್ತಾಗುತ್ತದೆ. ಪರೀಕ್ಷಿಸಿದ ನೀರನ್ನು ಚೆಲ್ಲಿ. ಬಣ್ಣವೇ ಬರದಿದ್ದರೆ 1000 ಲೀಟರ್ ತಿಳಿ ನೀರಿಗೆ 8 ಗ್ರಾಂ ಪುಡಿಯ ತಿಳಿ ಹಾಕಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಚಮಚದ ಅಂದಾಜು ಬೇಡ, ತೂಗಿ.

ಅನೇಕರು ನಂಬುವ ಟಿಡಿಎಸ್ ಮೀಟರ್ ಕರಗಿದ ಲವಣಗಳ ಮೊತ್ತವನ್ನಷ್ಟೇ ತೋರಿಸುತ್ತದೆ. ರೋಗಾಣು, ಫ್ಲೋರೈಡ್, ಆರ್ಸೆನಿಕ್ ಇದೆಯೇ ಎಂದು ಅದು ಹೇಳದು. ಹಾಗೆಯೇ ಕುದಿಸುವುದು ರೋಗಾಣುಗಳಿಗೆ ಮದ್ದು, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಆದರೆ ಫ್ಲೋರೈಡ್, ನೈಟ್ರೇಟ್ ಕುದಿದಷ್ಟೂ ಸಾಂದ್ರವಾಗುತ್ತವೆ. ಕೊಳವೆಬಾವಿಯ ನೀರಾದರೆ ಇವೆರಡನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಫ್ಲೋರೈಡ್‌ಗೆ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್‌ಗೆ 50 ಮಿಲಿಗ್ರಾಂ. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಹಸುಳೆಗೆ ಕೊಡುವುದು ಅಪಾಯ. ಮಗುವಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಸಂಪಿನ ಮುಚ್ಚಳ ನೆಲದಿಂದ ಒಂದು ಗೇಣಾದರೂ ಎತ್ತರದ ಕಟ್ಟೆಯ ಮೇಲಿರಲಿ, ಬೀಗ ಇರಲಿ, ಕೆಳಗೆ ಕಬ್ಬಿಣದ ಜಾಲರಿ ಇರಲಿ. ತುಕ್ಕು ಹಿಡಿದ ತಗಡಿನ ಮುಚ್ಚಳದ ಮೇಲೆ ಮಗು ಕಾಲಿಟ್ಟರೆ ಅದು ತಡೆಯದು. ಓವರ್‌ಫ್ಲೋ ಮತ್ತು ಗಾಳಿಕೊಳವೆಗಳ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಇಲ್ಲದಿದ್ದರೆ ಹಲ್ಲಿ, ಸೊಳ್ಳೆ ಒಳಗೆ ಹೋಗುತ್ತವೆ. ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪಿನ ತುದಿ ಬಕೆಟ್ಟಿನ ಕೊಳೆನೀರಿನಲ್ಲಿ ಮುಳುಗಿರಬಾರದು. ಪೈಪಿನ ಒತ್ತಡ ಕುಸಿದ ಕೂಡಲೇ ಆ ಕೊಳೆನೀರು ಹಿಂದಕ್ಕೆ ಹೀರಲ್ಪಡುತ್ತದೆ.

ಒಂದು ವಾರದ ನಂತರ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಬಾಟಲಿ ಬೇಕು. ಅದನ್ನು ತೊಳೆಯಬೇಡಿ, ಒಳಗಿರುವ ಔಷಧಿ ಕ್ಲೋರಿನ್ನಿನ ಕೆಲಸವನ್ನು ನಿಲ್ಲಿಸಲೆಂದೇ ಹಾಕಿರುವುದು. ನಲ್ಲಿಯ ತುದಿಯ ಜಾಲರಿ ಬಿಚ್ಚಿ, ಬಾಯಿ ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಬಿಟ್ಟು ಹಿಡಿಯಿರಿ. ಮೇಲೆ ಒಂದು ಇಂಚು ಖಾಲಿ ಬಿಡಿ. ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿದರೆ ಉತ್ತಮ. 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಇ. ಕೋಲೈ ಬ್ಯಾಕ್ಟೀರಿಯಾ ಒಂದೂ ಇರಕೂಡದು. ಮತ್ತೆ ಕಂಡುಬಂದರೆ ಇನ್ನಷ್ಟು ಬ್ಲೀಚಿಂಗ್ ಸುರಿಯುವ ಮುನ್ನ ಸಂಪಿನ ಬಿರುಕು, ಮುಚ್ಚಳದ ಸಂದು, ಒಳಬರುವ ಪೈಪು ಈ ಮೂರನ್ನು ಅದೇ ಕ್ರಮದಲ್ಲಿ ನೋಡಿ. ಕಾರಣ ಸಿಕ್ಕಿ ಸರಿಯಾಗುವವರೆಗೆ ಕುದಿಸಿದ ನೀರನ್ನೇ ಕುಡಿಯಿರಿ.