ವಾಲ್ವ್ ಗಿಟಾರ್ ಆಂಪ್ ಆರಿಸುವ ಮೊದಲು ನಿಮ್ಮ ಕೋಣೆಯನ್ನು ನೋಡಿಕೊಳ್ಳಿ

ಹಳೆಯ ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಬೆಳೆದವರಿಗೆ ನೆನಪಿರಬಹುದು: ಗುಂಡಿ ತಿರುಗಿಸಿದ ಕೂಡಲೇ ಅದು ಹಾಡುತ್ತಿರಲಿಲ್ಲ, ಒಳಗಿನ ವಾಲ್ವ್ ಎಂಬ ಗಾಜಿನ ಬುರುಡೆಗಳು ಕೆಂಪಗೆ ಕಾದ ಮೇಲಷ್ಟೇ ದನಿ ನಿಧಾನವಾಗಿ ಏರಿ ಬರುತ್ತಿತ್ತು. ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಹಿಗ್ಗಿಸುವ ಆಂಪ್ಲಿಫೈಯರ್, ಅಂದರೆ ಆಂಪ್, ಅದೇ ಮನೆತನದ್ದು. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1940ರ ದಶಕದಲ್ಲಿ ಆಂಪ್ ಕಟ್ಟತೊಡಗಿದಾಗ ಬಳಸಿದ್ದು ರೇಡಿಯೋದ ವಿದ್ಯೆಯನ್ನೇ. ಆಮೇಲೆ ಟ್ರಾನ್ಸಿಸ್ಟರ್ ಬಂದು ಬೇರೆಲ್ಲ ಕಡೆ ವಾಲ್ವನ್ನು ಮೂಲೆಗೆ ಸರಿಸಿತಾದರೂ ಗಿಟಾರ್ ವಾದಕರು ಅದನ್ನು ಬಿಡಲಿಲ್ಲ. ತನ್ನ ಶಕ್ತಿಯ ಮಿತಿ ಮುಟ್ಟಿದಾಗ ವಾಲ್ವ್ ಆಂಪ್ ನಾದದ ಅಲೆಯ ತುದಿಯನ್ನು ಮೆಲ್ಲಗೆ ದುಂಡಗಾಗಿಸುತ್ತದೆ. ಟ್ರಾನ್ಸಿಸ್ಟರ್ ಆಂಪ್ ಸಾಮಾನ್ಯವಾಗಿ ಅದನ್ನು ಒಮ್ಮೆಲೇ ಕತ್ತರಿಸಿಬಿಡುತ್ತದೆ. ಹೀಗಾಗಿ ವಾಲ್ವ್ ಆಂಪಿನಲ್ಲಿ ತಂತಿಯನ್ನು ಮೃದುವಾಗಿ ಮೀಟಿದರೆ ನಾದ ತಿಳಿಯಾಗಿರುತ್ತದೆ, ಬಲವಾಗಿ ಮೀಟಿದರೆ ಅದು ಸಿಡಿದು ಗಡುಸಾಗುತ್ತದೆ. ವಾದಕರು ಬ್ರೇಕಪ್ ಎನ್ನುವುದು ಇದನ್ನೇ. ಆಂಪ್ ಆರಿಸುವುದೆಂದರೆ ಆ ಬ್ರೇಕಪ್ ನಿಮಗೆ ಎಷ್ಟು ಜೋರಿನಲ್ಲಿ, ಯಾವ ಬಣ್ಣದಲ್ಲಿ ಬೇಕು ಎಂದು ತೀರ್ಮಾನಿಸುವುದು.

ಆದ್ದರಿಂದ ಮೊದಲ ಹೆಜ್ಜೆ ಬ್ರ್ಯಾಂಡ್ ಹುಡುಕುವುದಲ್ಲ, ನುಡಿಸುವ ಜಾಗವನ್ನು ನೋಡುವುದು. ವ್ಯಾಟ್ ಲೆಕ್ಕ ಅನೇಕರ ದಾರಿ ತಪ್ಪಿಸುತ್ತದೆ. ಶಕ್ತಿ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಇಮ್ಮಡಿ ಜೋರು ಎನಿಸಬೇಕಾದರೆ ಹತ್ತುಪಟ್ಟು ಶಕ್ತಿ ಬೇಕು. 30 ವ್ಯಾಟ್‌ನ ಆಂಪ್ 15 ವ್ಯಾಟ್‌ನದಕ್ಕಿಂತ ಸ್ವಲ್ಪವೇ ಜೋರು. 15 ವ್ಯಾಟ್‌ನ ವಾಲ್ವ್ ಆಂಪ್ ಒಳ್ಳೆಯ 12 ಅಂಗುಲದ ಸ್ಪೀಕರ್ ಜೊತೆಗೆ ಡ್ರಮ್ಸ್ ಪಕ್ಕದಲ್ಲೂ ನಿಲ್ಲಬಲ್ಲದು. 5 ವ್ಯಾಟ್‌ನದನ್ನು ಪೂರ್ತಿ ತೆರೆದರೆ ಅಪಾರ್ಟ್‌ಮೆಂಟಿನ ಪಕ್ಕದ ಮನೆಗೂ ಕೇಳಿಸುತ್ತದೆ. ಹಳೆಯ ಮಾದರಿಯ ಆಂಪ್‌ಗಳಲ್ಲಿ ನಾದ ತುಂಬಿಬರುವುದು ಸ್ಪೀಕರಿಗೆ ಶಕ್ತಿ ಕೊಡುವ ಪವರ್ ವಾಲ್ವ್‌ಗಳು ದುಡಿಯತೊಡಗಿದಾಗ. ಫೆಂಡರ್‌ನ 85 ವ್ಯಾಟ್‌ನ ದೊಡ್ಡ ಆಂಪ್ ಟ್ವಿನ್ ರಿವರ್ಬ್ ತಂದು ಮಲಗುವ ಕೋಣೆಯಲ್ಲಿ ವಾಲ್ಯೂಮನ್ನು 2ರ ಮೇಲೆ ಏರಿಸಲಾಗದೆ ಕೂತರೆ, ದುಡ್ಡು ಕೊಟ್ಟ ಅರ್ಧ ಆಂಪನ್ನು ನೀವು ಕೇಳುವುದೇ ಇಲ್ಲ. ಮನೆಯಲ್ಲಷ್ಟೇ ನುಡಿಸುವವರಿಗೆ 1ರಿಂದ 5 ವ್ಯಾಟ್, ರಿಹರ್ಸಲ್ ಮತ್ತು ಸಣ್ಣ ವೇದಿಕೆಯೂ ಇರುವವರಿಗೆ 12ರಿಂದ 22 ವ್ಯಾಟ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಸಭಾಂಗಣದಲ್ಲಿ ಹೇಗಿದ್ದರೂ ಆಂಪಿನ ಮುಂದೆ ಮೈಕ್ ಇಟ್ಟು ಸೌಂಡ್ ಸಿಸ್ಟಮ್‌ಗೆ ಕೊಡುತ್ತಾರೆ. ಎಷ್ಟೇ ಜೋರಾದರೂ ನಾದ ತಿಳಿಯಾಗಿಯೇ ಉಳಿಯಬೇಕು ಎನ್ನುವವರು ಮಾತ್ರ 30–40 ವ್ಯಾಟ್ ಕಡೆ ನೋಡಲಿ.

ಜೋರು ನಿಶ್ಚಯವಾದ ಮೇಲೆ ನಾದದ ಬಣ್ಣ. ಇಂದಿಗೂ ಮಾರಾಟವಾಗುವ ಹಳೆಯ ಶೈಲಿಯ ಆಂಪ್‌ಗಳಲ್ಲಿ ಬಹುಪಾಲು ನಾಲ್ಕು ಮೂಲಗಳಿಂದ ಬಂದವು. 1950ರ ದಶಕದ ಕೊನೆಯ ಫೆಂಡರ್ ಟ್ವೀಡ್ ಡಿಲಕ್ಸ್, ಅಂದರೆ 5ಇ3 ಸರ್ಕ್ಯೂಟ್, ಎರಡು 6ವಿ6 ಪವರ್ ವಾಲ್ವ್‌ಗಳಿಂದ 12–15 ವ್ಯಾಟ್ ಕೊಡುತ್ತದೆ. ವಾಲ್ಯೂಮ್ ಅರ್ಧ ದಾಟುವಷ್ಟರಲ್ಲಿ ಅದರ ನಾದ ದಪ್ಪಗಾಗಿ, ಕೆಳಸ್ವರಗಳು ಸಡಿಲಗೊಂಡು, ಹಳೆಯ ಬ್ಲೂಸ್‌ಗೆ ಒಪ್ಪುವ ಒರಟುತನ ಬರುತ್ತದೆ. 1963ರಿಂದ ಬಂದ ಡಿಲಕ್ಸ್ ರಿವರ್ಬ್‌ನಲ್ಲಿ ಇರುವುದೂ 6ವಿ6 ಜೋಡಿಯೇ, ಶಕ್ತಿ ಸುಮಾರು 22 ವ್ಯಾಟ್. ಆದರೆ ಅದರ ಸ್ವಭಾವ ಬೇರೆ. ನಡುವಿನ ಸ್ವರಗಳು ತುಸು ತಗ್ಗಿ, ನಾದ ಹೆಚ್ಚು ಹೊತ್ತು ತಿಳಿಯಾಗಿರುತ್ತದೆ. ದನಿಗೆ ಪ್ರತಿಧ್ವನಿ ಕೊಡುವ ಸ್ಪ್ರಿಂಗ್ ರಿವರ್ಬ್, ದನಿಯನ್ನು ಏರಿಳಿಸಿ ನಡುಗಿಸುವ ಟ್ರೆಮೊಲೊ ಒಳಗೇ ಇರುತ್ತವೆ. ಕಾಲಿನಿಂದ ಒತ್ತಿ ನಾದ ಬದಲಿಸುವ ಪೆಡಲ್‌ಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಒಂದೇ ಸಂಜೆ ಹತ್ತು ಬಗೆಯ ಹಾಡು ನುಡಿಸುವವರಿಗೆ ನಾನು ಹೇಳುವುದು ಇದನ್ನೇ.

ಇಂಗ್ಲೆಂಡಿನ ವಾಕ್ಸ್ ಎಸಿ15 ಮತ್ತು ಎಸಿ30 ಮೂರನೆಯ ಮೂಲ. ಇವುಗಳಲ್ಲಿ ಇಎಲ್84 ವಾಲ್ವ್‌ಗಳಿವೆ, ನಾದವನ್ನು ಬಿಗಿಹಿಡಿಯುವ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲ; ಆದ್ದರಿಂದ ಮೇಲಿನ ಸ್ವರಗಳು ಗಂಟೆಯ ಹಾಗೆ ಮಿನುಗುತ್ತವೆ. ಬೀಟಲ್ಸ್ ಬಳಸಿದ್ದು ಈ ಆಂಪ್‌ಗಳನ್ನು. ನಾಲ್ಕನೆಯದು ಮಾರ್ಷಲ್. ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ 1962ರಲ್ಲಿ ರೂಪುಗೊಂಡ ಜೆಟಿಎಂ45, ಫೆಂಡರ್ ಬಾಸ್‌ಮನ್ ಎಂಬ ಬಾಸ್ ಗಿಟಾರ್ ಆಂಪಿನ ಸರ್ಕ್ಯೂಟನ್ನೇ ಆಧರಿಸಿದ್ದು. ಬೇರೆ ವಾಲ್ವ್, ಬೇರೆ ಟ್ರಾನ್ಸ್‌ಫಾರ್ಮರ್, ಹಿಂಬದಿ ಮುಚ್ಚಿದ ನಾಲ್ಕು ಸ್ಪೀಕರಿನ ಪೆಟ್ಟಿಗೆ ಸೇರಿ ಅದು ರಾಕ್ ಸಂಗೀತದ ದನಿಯಾಯಿತು. ಒಳ್ಳೆಯ ಆಂಪ್, ಆದರೆ ಮನೆಗೆ ತೀರಾ ಜೋರು.

ಈ ಹಂತದಲ್ಲಿ ರೆಕ್ಟಿಫೈಯರ್ ಬಗ್ಗೆಯೂ ಕೇಳಿ. ಹಳೆಯ ಆಂಪ್‌ಗಳಲ್ಲಿ ಎಸಿ ವಿದ್ಯುತ್ತನ್ನು ಡಿಸಿಯಾಗಿ ಬದಲಿಸುವ ಈ ರೆಕ್ಟಿಫೈಯರ್ ಕೆಲಸಕ್ಕೂ ವಾಲ್ವ್ ಇತ್ತು. ಹಲವು ಸ್ವರಗಳು ಒಟ್ಟಿಗೆ ಮೊಳಗುವ ಕಾರ್ಡ್ ಒಂದನ್ನು ಜೋರಾಗಿ ಹೊಡೆದಾಗ ಅಲ್ಲಿ ವೋಲ್ಟೇಜ್ ಕ್ಷಣಕಾಲ ಕುಸಿದು ಮತ್ತೆ ಏರುತ್ತದೆ. ನಾದ ಒಮ್ಮೆ ಅದುಮಿಕೊಂಡು ಆಮೇಲೆ ಉಬ್ಬಿಬಂದ ಹಾಗೆ ಕೇಳುತ್ತದೆ. ನಿಧಾನದ ಬ್ಲೂಸ್‌ಗೆ ಇದು ಸೊಗಸು, ವೇಗದ ಬಿಗಿಯಾದ ರಿದಮ್‌ಗೆ ತೊಡಕು. ವೇಗವೇ ಮುಖ್ಯವಾದವರು ಆ ವಾಲ್ವಿನ ಬದಲು ಡಯೋಡ್ ಇರುವುದನ್ನು ಆರಿಸಿಕೊಳ್ಳಲಿ.

ಕೇಳಿ ನೋಡಲು ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ, ಪೆಡಲ್ ಬೇಡ. ಟೋನ್ ಗುಂಡಿಗಳನ್ನೆಲ್ಲ ನಡುವೆ ಇಟ್ಟು, ನಾದ ಒಡೆಯತೊಡಗುವವರೆಗೆ ವಾಲ್ಯೂಮ್ ಏರಿಸಿ, ಬಳಿಕ ಗಿಟಾರಿನ ವಾಲ್ಯೂಮನ್ನು 10ರಿಂದ 4ಕ್ಕೆ ಇಳಿಸಿ. ನಾದ ತಿಳಿಯಾಗಿಯೂ ಜೀವಂತವಾಗಿಯೂ ಉಳಿದರೆ ಅದು ಒಳ್ಳೆಯ ಆಂಪ್. ಮಂಕಾದರೆ ಮುಂದಿನದನ್ನು ನೋಡಿ. ಒಂದೇ ಸ್ವರವನ್ನು ಮೀಟಿ ಅದು ಪೂರ್ತಿ ಆರುವವರೆಗೆ ಕೇಳಿ, ಏಕೆಂದರೆ ಸವೆದ ವಾಲ್ವ್‌ನ ಮತ್ತು ಹರಿದ ಸ್ಪೀಕರಿನ ಕರಕರ ದನಿ ಬಯಲಾಗುವುದು ಆ ಬಾಲದಲ್ಲೇ. ನಿಂತುಕೊಂಡು ಮಾತ್ರ ಕೇಳಬೇಡಿ. ಸ್ಪೀಕರಿನ ತೀಕ್ಷ್ಣ ಸ್ವರಗಳು ನೇರ ಮುಂದಕ್ಕೆ ಹೋಗುವುದರಿಂದ ಒಮ್ಮೆ ಅದರ ಎತ್ತರಕ್ಕೆ ಕೂತು ಕೇಳಿ.

ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಆಂಪ್‌ಗಳನ್ನು ಸುಡುವುದು ವಿದ್ಯುತ್ತಿನ ವ್ಯತ್ಯಾಸ ಎಂದು ನಾನು ನಂಬುತ್ತೇನೆ. ಅಮೆರಿಕದಲ್ಲಿ 120 ವೋಲ್ಟ್ 60 ಹರ್ಟ್ಸ್, ಜಪಾನಿನಲ್ಲಿ 100 ವೋಲ್ಟ್, ನಮ್ಮಲ್ಲಿ 230 ವೋಲ್ಟ್ 50 ಹರ್ಟ್ಸ್. ವಿದೇಶದಲ್ಲಿರುವ ನೆಂಟರ ಕೈಯಲ್ಲಿ ಆಂಪ್ ತರಿಸುವವರು ಹಿಂಬದಿಯ ಫಲಕವನ್ನು ಓದಿಸಿಕೊಂಡೇ ದುಡ್ಡು ಕಳಿಸಲಿ. 120 ವೋಲ್ಟ್‌ನದಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಗಾತ್ರವನ್ನು ಆಂಪಿನ ಔಟ್‌ಪುಟ್ ವ್ಯಾಟ್ ನೋಡಿ ನಿರ್ಧರಿಸಬೇಡಿ, ಫಲಕದಲ್ಲಿ ಬರೆದಿರುವ ವಿದ್ಯುತ್ ಬಳಕೆಯ ಇಮ್ಮಡಿ ಇಟ್ಟುಕೊಳ್ಳಿ. ಸ್ಟೆಪ್‌ಡೌನ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60 ಮಾಡುವುದಿಲ್ಲ. ಆಂಪಿನೊಳಗೆ 60 ಹರ್ಟ್ಸ್‌ಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಬಿಸಿಯಾಗುತ್ತದೆ. 230 ವೋಲ್ಟ್‌ನ ಆವೃತ್ತಿ ಸಿಗುವುದಾದರೆ ತುಸು ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಿ. ಎರಡು ಪಿನ್ನಿನ ಹಳೆಯ ಅಮೆರಿಕನ್ ಆಂಪ್ ಕೈಗೆ ಬಂದರೆ ಅದಕ್ಕೆ ಅರ್ತಿಂಗ್ ಇರುವ ಮೂರು ಪಿನ್ನಿನ ಕೇಬಲ್ ಹಾಕಿಸಿ, ಮೇನ್ಸ್‌ನಿಂದ ಆಂಪಿನೊಳಗಿನ ಲೋಹದ ಚೌಕಟ್ಟಾದ ಚಾಸಿಗೆ ಜೋಡಿಸಿರುವ, ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರನ್ನು ತೆಗೆಸುವವರೆಗೆ ಪ್ಲಗ್ ಹಾಕಬೇಡಿ. ಆ ಕೆಪಾಸಿಟರ್ ಕೆಟ್ಟರೆ ಗಿಟಾರಿನ ತಂತಿಗೇ ಕರೆಂಟ್ ಬರಬಹುದು.

ಅಸಲಿ ಹಳೆಯ ಆಂಪೋ, ಹೊಸದಾಗಿ ಮಾಡಿದ ಹಳೆಯ ಮಾದರಿಯೋ? ಮೊದಲ ಬಾರಿ ಕೊಳ್ಳುವವರಿಗೆ ಹೊಸದೇ ಸರಿ. ಅರವತ್ತು ವರ್ಷದ ಆಂಪಿನಲ್ಲಿ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ; ಬದಲಿಸುವ ಖರ್ಚು ಬೆಲೆಯ ಮೇಲೆ ಸೇರುತ್ತದೆ. ಕೈಯಿಂದ ವೈರಿಂಗ್ ಮಾಡಿದ ಆಂಪ್ ರಿಪೇರಿಗೆ ಸುಲಭ, ಆ ಮಟ್ಟಿಗೆ ಅದರ ಬೆಲೆ ನ್ಯಾಯ. ಆದರೆ ನಾದವನ್ನು ಹೆಚ್ಚು ಬದಲಿಸುವುದು ಸ್ಪೀಕರ್. ಬೇರೆ ಸ್ಪೀಕರ್ ಹಾಕುವಾಗ ವಿದ್ಯುತ್ ತಡೆಯ ಅಳತೆಯಾದ ಓಮ್ (4, 8 ಇಲ್ಲವೇ 16) ಆಂಪಿಗೂ ಸ್ಪೀಕರಿಗೂ ಹೊಂದಬೇಕು, ಸ್ಪೀಕರ್ ಜೋಡಿಸದೆ ವಾಲ್ವ್ ಆಂಪನ್ನು ಎಂದೂ ನುಡಿಸಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ವಾಲ್ವ್‌ಗಳು ಸವೆಯುವ ವಸ್ತುಗಳು. ಒಂದು ಕಾಲದಲ್ಲಿ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ನಲ್ಲೇ ರೇಡಿಯೋ ವಾಲ್ವ್‌ಗಳು ತಯಾರಾಗುತ್ತಿದ್ದವು. ಇಂದು ಹೊಸದು ಬರುವುದು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ. ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ 12ಎಎಕ್ಸ್7ನಂಥ ಪ್ರಿಆಂಪ್ ವಾಲ್ವ್ ವರ್ಷಗಟ್ಟಲೆ ಬರುತ್ತದೆ, ಆಂಪ್ ಆಫ್ ಮಾಡಿ ಅದು ತಣ್ಣಗಾದ ಮೇಲೆ ನೀವೇ ಬದಲಿಸಬಹುದು. ಪವರ್ ವಾಲ್ವ್ ಬೇಗ ಸವೆಯುತ್ತದೆ; ಟ್ವೀಡ್ ಡಿಲಕ್ಸ್, ವಾಕ್ಸ್‌ನಂಥ, ತಾನೇ ಹೊಂದಿಕೊಳ್ಳುವ ಕ್ಯಾಥೋಡ್ ಬಯಾಸ್ ಆಂಪ್‌ಗಳನ್ನು ಬಿಟ್ಟರೆ ಪ್ರತಿ ಬಾರಿ ಬದಲಿಸಿದಾಗಲೂ ಬಯಾಸ್, ಅಂದರೆ ಸುಮ್ಮನಿರುವಾಗ ವಾಲ್ವ್‌ನಲ್ಲಿ ಹರಿಯುವ ಕರೆಂಟಿನ ಮಟ್ಟ, ಹೊಂದಿಸಬೇಕು. ಅದನ್ನು ನೀವೇ ಮಾಡಲು ಚಾಸಿ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ನಷ್ಟು ಉಳಿದಿರಬಹುದು. ಆದ್ದರಿಂದ ಮುಂಗಡ ಕೊಡುವ ಮೊದಲೇ ನಿಮ್ಮ ಊರಿನಲ್ಲೋ ಹತ್ತಿರದ ನಗರದಲ್ಲೋ ವಾಲ್ವ್ ಕೆಲಸ ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ, ಬಯಾಸ್ ಹೊಂದಿಸುತ್ತಾರೆಯೇ ಎಂದು ಕೇಳಿ, ಒಂದು ಸೆಟ್ ಪವರ್ ವಾಲ್ವ್‌ನ ಬೆಲೆಯನ್ನೂ ಅವರ ಕೂಲಿಯನ್ನೂ ನಿಮ್ಮ ಬಜೆಟ್ಟಿಗೆ ಸೇರಿಸಿಕೊಳ್ಳಿ.